ಸಂಬಳ ಯಾವ ದರದ ಲೆಕ್ಕದಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಪ್ರವಾಸ ಅಂಕಣದಲ್ಲಿ, ಕೆಲವು ದೇಶಗಳಲ್ಲಿ ಡಾಲರಿಗೆ ಬ್ಯಾಂಕಿನಲ್ಲೊಂದು ದರ, ಬೀದಿಯಲ್ಲೊಂದು ದರ ಇರುತ್ತದೆಂದೂ, ಜಾಣ ಪ್ರವಾಸಿ ಬೀದಿಯಲ್ಲೇ ಬದಲಾಯಿಸಿಕೊಂಡು ಹಣವನ್ನು ದುಪ್ಪಟ್ಟು ಮಾಡಿಕೊಳ್ಳುತ್ತಾನೆಂದೂ ಬರೆಯಲಾಗಿದೆ. ಉದಾಹರಣೆಗೆ ಅರ್ಜೆಂಟೀನಾವನ್ನು ಕೊಟ್ಟಿದ್ದಾರೆ. ನಾನು ಶಿವಮೊಗ್ಗದ ಬ್ಯಾಂಕೊಂದರ ವಿದೇಶಿ ವಿನಿಮಯ ಕೌಂಟರಿನಲ್ಲಿ ಬಹುಕಾಲ ಕುಳಿತು ನಿವೃತ್ತನಾದವನು. ಆ ಸಲಹೆ ಸುಳ್ಳೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅದು ಹಳಸಿದೆ, ಸಾಲದ್ದಕ್ಕೆ ಅರ್ಧ ಮಾತ್ರ ಇದೆ. ಬಿಟ್ಟುಹೋದ ಅರ್ಧವೇ ನಮ್ಮ ಕಡೆಯವರಿಗೆ ಬೇಕಾದದ್ದು.

ಹಳಸಿದ ಭಾಗವನ್ನು ಮೊದಲು ಮುಗಿಸಿಬಿಡುತ್ತೇನೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಫ್ಲೋರಿಡಾ ಬೀದಿಯಲ್ಲಿ ‘ಕಾಂಬಿಯೊ, ಕಾಂಬಿಯೊ’ (ಹಣ ಬದಲಾವಣೆ) ಎಂದು ಕೂಗುವ ದಲ್ಲಾಳಿಗಳು, ‘ನೀಲಿ ಡಾಲರ್’ ಎಂಬ ಹೆಸರಿನಲ್ಲಿ ಅಲ್ಲಿನ ಪತ್ರಿಕೆಗಳಲ್ಲೇ ರಾಜಾರೋಷವಾಗಿ ಪ್ರಕಟವಾಗುವ ಕಾಳಸಂತೆ ದರ, ಇದೆಲ್ಲ ನಿಜವೇ. ಅಲ್ಲಿನ ಸರ್ಕಾರ ಡಾಲರ್ ಖರೀದಿಗೆ 2011ರಲ್ಲಿ ಕಡಿವಾಣ ಹಾಕಿತು, 2015ರ ಕೊನೆಗೆ ಬಿಚ್ಚಿತು, 2019ರಲ್ಲಿ ಮತ್ತೆ ಹಾಕಿತು. 2023ರ ಡಿಸೆಂಬರಿನಲ್ಲಿ ಮಿಲೈ ಅಧ್ಯಕ್ಷರಾದ ಬೆನ್ನಿಗೇ ಒಂದು ಡಾಲರಿನ ಅಧಿಕೃತ ದರ ಒಂದೇ ಏಟಿಗೆ 366 ಪೆಸೊದಿಂದ 800ಕ್ಕೆ ಹೋಯಿತು. ಅದಕ್ಕೆ ಮೊದಲು ಬೀದಿಯಲ್ಲಿ ಬ್ಯಾಂಕಿನ ಎರಡು ಪಟ್ಟಿಗೂ ಹೆಚ್ಚು ಸಿಗುತ್ತಿದ್ದುದು ಹೌದು. ಆದರೆ 2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಮೇಲಿನ ನಿರ್ಬಂಧವನ್ನು ಬಹುಪಾಲು ತೆಗೆದ ಮೇಲೆ ಆ ಅಂತರ ಕರಗಿಹೋಯಿತು. ಅದಕ್ಕೂ ಮುಂಚೆ, 2022ರ ಕೊನೆಯಿಂದಲೇ, ವಿದೇಶಿಯರ ಕಾರ್ಡುಗಳಿಗೆ ಬೀದಿಯ ದರಕ್ಕೆ ಹತ್ತಿರದ ದರ ಕೊಡುವ ಏರ್ಪಾಡು ಮಾಡಿದ್ದರು. ಈಗ ನಿಮ್ಮ ಅಂಕಣವನ್ನು ನಂಬಿ ಸೊಂಟದ ಪಟ್ಟಿಯಲ್ಲಿ ಡಾಲರ್ ಕಟ್ಟಿಕೊಂಡು ಹೋದವನಿಗೆ ಲಾಭಕ್ಕಿಂತ ಕಳ್ಳರ ಭಯವೇ ಹೆಚ್ಚು.

ಬೇರೆ ಕಡೆಯೂ ಹೀಗೇ ಬ್ಯಾಂಕಿನ ದರವನ್ನು ಬೀದಿಯ ದರದ ಹತ್ತಿರಕ್ಕೆ ತಂದಿದ್ದಾರೆ. ಈಜಿಪ್ಟ್ 2024ರ ಮಾರ್ಚ್‌ನಲ್ಲಿ ತನ್ನ ಪೌಂಡನ್ನು ಡಾಲರಿಗೆ 31ರ ಆಸುಪಾಸಿನಿಂದ 50ರ ಹತ್ತಿರಕ್ಕೆ ಇಳಿಯಲು ಬಿಟ್ಟಿತು. ಉಜ್ಬೇಕಿಸ್ತಾನದಲ್ಲಿ 2017ರ ಸೆಪ್ಟೆಂಬರಿನಲ್ಲಿ ಒಂದೇ ದಿನಕ್ಕೆ ಡಾಲರಿನ ಬೆಲೆ ಸುಮಾರು 4,200 ಸೋಮ್‌ನಿಂದ 8,100ಕ್ಕೆ ಏರಿತು. ನಿನ್ನೆಯ ತನಕ ‘ಬೀದಿಗೆ ಹೋಗು’ ಎನ್ನುವುದು ಸರಿಯಾದ ಸಲಹೆಯಾಗಿದ್ದ ಊರಿನಲ್ಲಿ ಇವತ್ತು ಅದು ಬರಿಯ ಗಂಡಾಂತರ. ಇಂಥ ಸಲಹೆಯನ್ನು ಅಚ್ಚು ಹಾಕುವಾಗ ಕೆಳಗೆ ತಾರೀಖು ಹಾಕುವುದು ಒಳ್ಳೆಯದು.

ಎರಡು ದರ ಏಕೆ ಹುಟ್ಟುತ್ತದೆ ಎಂಬುದನ್ನು ನಿಮ್ಮ ಅಂಕಣಕಾರರು ‘ಅಲ್ಲಿನ ಭ್ರಷ್ಟಾಚಾರ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದಾರೆ. ಅಷ್ಟು ಸುಲಭವಲ್ಲ. ಸರ್ಕಾರ ಡಾಲರಿಗೆ ಒಂದು ಬೆಲೆ ಕಟ್ಟುತ್ತದೆ. ಆ ಬೆಲೆಗೆ ಕೇಳಿದವರಿಗೆಲ್ಲ ಕೊಡುವಷ್ಟು ಡಾಲರ್ ಅದರ ಬಳಿ ಇರುವುದಿಲ್ಲ. ಔಷಧಿಗೆ, ಪೆಟ್ರೋಲಿಗೆ, ವಶೀಲಿ ಇದ್ದವರಿಗೆ ಸಿಗುತ್ತದೆ. ಮಗನ ಓದಿಗೆ ಹಣ ಕಳಿಸಬೇಕಾದ ತಂದೆ ಬ್ಯಾಂಕಿನ ಬಾಗಿಲಲ್ಲಿ ಅರ್ಜಿ ಹಿಡಿದು ತಿಂಗಳುಗಟ್ಟಲೆ ಕಾಯುತ್ತಾನೆ, ಕೊನೆಗೆ ಬೀದಿಗೆ ಬರುತ್ತಾನೆ. ಅಡಿಕೆ ಮಂಡಿಯಲ್ಲಿ ಬಿಲ್ಲಿಗೊಂದು ದರ, ಬಿಲ್ಲಿಲ್ಲದ್ದಕ್ಕೊಂದು ದರ ಕೇಳಿ ಬೆಳೆದ ಮಲೆನಾಡಿನವರಿಗೆ ಇದರ ವಾಸನೆ ಬೇಗ ಹತ್ತುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಬೆಳೆಗಾರನಿಗೆ ಬಿಲ್ ಬೇಕೆಂದರೆ ಸಿಗುತ್ತದೆ. ಅಲ್ಲಿನವನಿಗೆ ಅಧಿಕೃತ ದರದಲ್ಲಿ ಡಾಲರ್ ಬೇಕೆಂದರೂ ಸಿಗುವುದಿಲ್ಲ.

ನಮ್ಮ ದೇಶವೇನೂ ಇದಕ್ಕೆ ಹೊರತಾಗಿರಲಿಲ್ಲ. 1992ರ ಮಾರ್ಚ್‌ನಿಂದ ಒಂದು ವರ್ಷ ನಮ್ಮಲ್ಲೂ ಎರಡು ದರವಿತ್ತು, ಅದೂ ಸರ್ಕಾರವೇ ಮಾಡಿದ ಏರ್ಪಾಡು. ಹೊರಗಿನಿಂದ ಬಂದ ಪ್ರತಿ ನೂರು ಡಾಲರಿನಲ್ಲಿ ನಲವತ್ತನ್ನು ರಿಸರ್ವ್ ಬ್ಯಾಂಕಿನ ದರಕ್ಕೆ, ಅಂದರೆ ಸುಮಾರು 26 ರೂಪಾಯಿಗೆ, ಅರವತ್ತನ್ನು ಮಾರುಕಟ್ಟೆ ದರಕ್ಕೆ, ಅಂದರೆ ಮೂವತ್ತರ ಆಸುಪಾಸಿಗೆ, ಲೆಕ್ಕ ಹಾಕಬೇಕಿತ್ತು. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಬೆರಳು ಸವೆಸಿದವರಲ್ಲಿ ನಾನೂ ಒಬ್ಬ. ನೂರು ಡಾಲರಿಗೆ 1,040 ಮತ್ತು 1,800 ಸೇರಿ 2,840 ರೂಪಾಯಿ. ಕೊಲ್ಲಿ ದೇಶದಿಂದ ಗಂಡ ಕಳಿಸಿದ ಹಣಕ್ಕಾಗಿ ಬಂದ ಹೆಂಗಸರು, ‘ಹವಾಲಾದವರು ಮೂರು ಸಾವಿರದ ಮೇಲೆ ಕೊಡುತ್ತಾರೆ, ನೀವೇಕೆ ಕಡಿಮೆ ಕೊಡುತ್ತೀರಿ?’ ಎಂದು ಮುಖಕ್ಕೇ ಕೇಳುತ್ತಿದ್ದರು. ‘ನಿಯಮ ತಾಯಿ’ ಎನ್ನುತ್ತಿದ್ದೆವು. ಅವರಿಂದ ಕಿತ್ತುಕೊಂಡ ಆ ನೂರೈವತ್ತು ಇನ್ನೂರು ರೂಪಾಯಿ ಸರ್ಕಾರದ ಅತ್ಯಗತ್ಯ ಆಮದುಗಳಿಗೆ ಅಗ್ಗದ ಡಾಲರ್ ಒದಗಿಸಲು ಹೋಗುತ್ತಿತ್ತು. 1993ರ ಮಾರ್ಚ್‌ನಲ್ಲಿ ಎರಡನ್ನೂ ಒಂದು ಮಾಡಿದರು.

ಇನ್ನು ಬಿಟ್ಟುಹೋದ ಅರ್ಧ. ಡಾಲರ್ ಕೈಯಲ್ಲಿ ಹಿಡಿದು ಒಳಗೆ ಹೋಗುವವನಿಗೆ ಎರಡು ದರದ ಅಂತರ ಲಾಭ. ಆ ದೇಶದ ಹಣದಲ್ಲಿ ಸಂಬಳ ಪಡೆದು ಡಾಲರ್ ಮಾಡಿಕೊಂಡು ಹೊರಗೆ ಬರಬೇಕಾದವನಿಗೆ ಅದೇ ಅಂತರ ನಷ್ಟ. ಶಿವಮೊಗ್ಗ, ಸಾಗರ, ಹೊಸನಗರಗಳಿಂದ ಬ್ಯೂನಸ್ ಐರಿಸ್‌ಗೆ ಸುತ್ತಾಡಲು ಹೋಗುವವರು ಎಷ್ಟು ಮಂದಿ? ಆಫ್ರಿಕಾದ ಕಾರ್ಖಾನೆಗೆ, ಶಾಲೆಗೆ, ಆಸ್ಪತ್ರೆಗೆ ದುಡಿಯಲು ಹೋದವರು ನನ್ನ ಕೌಂಟರಿಗೇ ಸಾಲಾಗಿ ಬಂದಿದ್ದಾರೆ.

2017ರ ಆರಂಭದಲ್ಲಿ ಹೊಸನಗರ ಕಡೆಯ ಒಬ್ಬರು ಬಂದರು. ನೈಜೀರಿಯಾದ ಲಾಗೋಸ್‌ನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಬಟ್ಟೆ ಅಂಗಡಿಯ ಕೈಚೀಲದಿಂದ ಅಲ್ಲಿನ ಹಣವಾದ ನೈರಾದ, ಸಾವಿರದ ನೋಟುಗಳ ಒಂದು ಕಟ್ಟು ತೆಗೆದು ಗಾಜಿನ ಕೆಳಗೆ ತಳ್ಳಿದರು. ನೂರು ನೋಟು, ಒಂದು ಲಕ್ಷ ನೈರಾ. ಜೊತೆಗೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. 2015ರಲ್ಲಿ ಅವರನ್ನು ಕಳಿಸಿದ ಏಜೆಂಟ್ ಕೊಟ್ಟದ್ದು. ‘ತಿಂಗಳ ಸಂಬಳ 1,50,000 ನೈರಾ, ಅಂದರೆ 750 ಡಾಲರ್, ಅಂದರೆ ಸುಮಾರು 48,000 ರೂಪಾಯಿ’ ಎಂದು ಅದರಲ್ಲಿ ಬರೆದಿತ್ತು. ಏಜೆಂಟ್ ಸುಳ್ಳು ಬರೆದಿರಲಿಲ್ಲ. ಆಗ ಅಧಿಕೃತ ದರ ಡಾಲರಿಗೆ 200 ನೈರಾದ ಹತ್ತಿರವೇ ಇತ್ತು. 2016ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ದರವನ್ನು ಸಡಿಲಿಸಿ, ಅದು ಬರಬರುತ್ತಾ 305ಕ್ಕೆ ಹೋಗಿ ನಿಂತಿತು. ಬೀದಿಯಲ್ಲಿ 500 ಮುಟ್ಟಿತ್ತು. ಬ್ಯಾಂಕಿನಲ್ಲಿ 305ಕ್ಕೆ ಡಾಲರ್ ಅವರಂಥವರಿಗೆ ಯಾರು ಕೊಡುತ್ತಾರೆ? ಹಾಗಾಗಿ ಅದೇ ಒಂದೂವರೆ ಲಕ್ಷ ನೈರಾ ಈಗ ಮುನ್ನೂರು ಡಾಲರ್, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ. ಸಂಬಳದಲ್ಲಿ ಒಂದು ನೈರಾ ಕೂಡ ಕಡಿತವಾಗಿರಲಿಲ್ಲ.

‘ಈ ಕಟ್ಟಿಗೆ ಎಷ್ಟಾಗುತ್ತದೆ ಸರ್?’ ಎಂದು ಕೇಳಿದರು. ನೈರಾ ನಮ್ಮ ಕೌಂಟರಿನಲ್ಲಿ ಕೊಳ್ಳುವ ಹಣವಲ್ಲ. ಡಾಲರ್, ಪೌಂಡ್, ಯೂರೊ, ದಿರ್ಹಮ್, ರಿಯಾಲ್, ಹೀಗೆ ನಮ್ಮಲ್ಲಿ ಇದ್ದದ್ದು ಚಿಕ್ಕ ಪಟ್ಟಿ. ಬೆಂಗಳೂರಿಗೆ ಫೋನ್ ಮಾಡಿ ಕೇಳಿದೆ, ಅಲ್ಲೂ ಇಲ್ಲವೆಂದರು. ಲಾಗೋಸ್‌ನ ಬೀದಿಯಲ್ಲಿ ಇನ್ನೂರು ಡಾಲರ್ ಆಗಬಹುದಾಗಿದ್ದ ಕಟ್ಟು ಶಿವಮೊಗ್ಗದಲ್ಲಿ ಸೊನ್ನೆ. ಬೀದಿಯವರು ತೀರಾ ಕಡಿಮೆ ಕೊಟ್ಟು ಮೋಸ ಮಾಡುತ್ತಾರೆ, ಊರಿನ ಬ್ಯಾಂಕಿನಲ್ಲಿ ಸರಿಯಾದ ದರ ಸಿಗುತ್ತದೆ ಎಂದು ನಂಬಿ ಅವರು ಅದನ್ನು ಹೊತ್ತು ತಂದಿದ್ದರು. ನೋಟುಗಳನ್ನು ಮತ್ತೆ ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ, ಕೈಚೀಲಕ್ಕೆ ಸೇರಿಸಿ, ‘ಮುಂದಿನ ವಾರ ಅಲ್ಲಿಗೆ ಹೋಗುವ ನಮ್ಮ ಹುಡುಗನ ಕೈಯಲ್ಲಿ ವಾಪಸು ಕಳಿಸುತ್ತೇನೆ’ ಎಂದರು. ದರ ಹೇಳುವುದು ನನ್ನ ಕೆಲಸವಾಗಿತ್ತು. ಅವರಿಗೆ ಹೇಳಲು ನನ್ನ ಬಳಿ ದರವೇ ಇರಲಿಲ್ಲ.

ಇದು ಹಳೆಯ ಕಥೆ ಎನ್ನಬೇಡಿ. ಇಥಿಯೋಪಿಯಾದ ಶಾಲೆ ಕಾಲೇಜುಗಳಿಗೆ ಪಾಠ ಹೇಳಲು ಭಾರತದಿಂದ ಬಹಳ ಮಂದಿ ಹೋಗಿದ್ದಾರೆ, ನಮ್ಮ ಜಿಲ್ಲೆಯವರೂ ಅದರಲ್ಲಿ ಇದ್ದಾರೆ. 2024ರ ಜುಲೈ ತನಕ ಅಲ್ಲಿ ಬ್ಯಾಂಕಿನ ದರ ಡಾಲರಿಗೆ 57 ಬಿರ್‌ನಷ್ಟಿದ್ದರೆ ಬೀದಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟಿತ್ತು. 40,000 ಬಿರ್ ಸಂಬಳ ಎಂದು ಕರಾರಿನಲ್ಲಿ ಇದ್ದರೆ ಕಾಗದದ ಮೇಲೆ ಅದು ಏಳುನೂರು ಡಾಲರ್, ಕೈಗೆ ಬಂದಾಗ ಮುನ್ನೂರೈವತ್ತು. ಆ ತಿಂಗಳ 29ರಂದು ಸರ್ಕಾರ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ದಿನಗಳಲ್ಲಿ ಬ್ಯಾಂಕುಗಳೇ ನೂರು ದಾಟಿದವು. ಕರಾರಿನಲ್ಲಿ ಸಂಬಳವನ್ನು ಡಾಲರಿನಲ್ಲಿ ಬರೆಸಿಕೊಂಡವರು ಬಚಾವಾದರು. ಬಿರ್‌ನಲ್ಲಿ ಬರೆಸಿಕೊಂಡವರ ಸಂಬಳ ಕಾಗದದ ಮೇಲೂ ಅರ್ಧವಾಯಿತು.

ನಮ್ಮ ಹಕ್ಕಿಪಿಕ್ಕಿ ಸಮುದಾಯದವರನ್ನು ಈ ವಿಚಾರದಲ್ಲಿ ಯಾರೂ ನೆನೆಯುವುದಿಲ್ಲ. ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಕ್ಯಾಂಪುಗಳಿಂದ ಗಿಡಮೂಲಿಕೆ ಎಣ್ಣೆ, ಔಷಧಿ ಹೊತ್ತು ಆಫ್ರಿಕಾದ ದೇಶಗಳಿಗೆ ಹೋಗಿ ಬೀದಿಯಲ್ಲಿ ಮಾರಿ ಬರುವವರು ಇವರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕದನ ಹೊತ್ತಿಕೊಂಡು ಅವರು ಸಿಲುಕಿಕೊಂಡಾಗ ಎಲ್ಲ ಪತ್ರಿಕೆಗಳೂ ಬರೆದವು, ‘ಆಪರೇಷನ್ ಕಾವೇರಿ’ಯಲ್ಲಿ ಕರೆತಂದ ಮೇಲೆ ಮರೆತವು. ಅವರ ವ್ಯಾಪಾರದ ಲೆಕ್ಕವನ್ನೊಮ್ಮೆ ನೋಡಿ. ಇಲ್ಲಿ ರೂಪಾಯಿಯಲ್ಲಿ ಸಾಲ, ಅಲ್ಲಿ ಸುಡಾನ್ ಪೌಂಡಿನಲ್ಲಿ ಗಳಿಕೆ, ಮರಳಲು ಡಾಲರ್ ಬೇಕು. 2021ರ ಫೆಬ್ರವರಿಯಲ್ಲಿ ಆ ದೇಶ ತನ್ನ ಅಧಿಕೃತ ದರವನ್ನು ಡಾಲರಿಗೆ 55ರಿಂದ 375 ಪೌಂಡಿಗೆ ಇಳಿಸಿತು. ಕಾಳಸಂತೆ ಅದಾಗಲೇ ಅಲ್ಲಿಗೆ ತಲುಪಿತ್ತು. ಬಾಟಲಿ ಎಣ್ಣೆ ಮಾರುವವನಿಗೆ ಬ್ಯಾಂಕಿನ 55ರ ದರ ಯಾವತ್ತೂ ದಕ್ಕಿದ್ದಲ್ಲ. ಅವನು ಮೊದಲಿಂದಲೂ ಬೀದಿಯ ದರದಲ್ಲೇ ಡಾಲರ್ ಕೊಂಡವನು. ನಿಮ್ಮ ಅಂಕಣದ ‘ಜಾಣ ಪ್ರವಾಸಿ’ ಬೀದಿಯಲ್ಲಿ ಮಾರುವ ನೂರರ ನೋಟನ್ನು ಆಚೆಯಿಂದ ದುಬಾರಿ ಬೆಲೆಗೆ ಕೊಳ್ಳುವವರು ಇಂಥವರೇ.

ಅಡಿಕೆ ಬೆಳೆಗಾರರೂ ಒಂದು ನಿಮಿಷ ಇತ್ತ ಗಮನ ಕೊಡಲಿ. ಬರ್ಮಾ ಅಡಿಕೆ ಈಶಾನ್ಯದ ಗಡಿಯಿಂದ ಕದ್ದು ಬರುತ್ತಿದೆ ಎಂದು ನಾವು ವರ್ಷವರ್ಷವೂ ಕೂಗುತ್ತೇವೆ. 2023ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಸರಿ. ಆದರೆ ಆಚೆ ಕಡೆಯೂ ಒಂದು ಕಾರಣವಿದೆ. 2012ರ ಏಪ್ರಿಲ್ ತನಕ ಆ ದೇಶದಲ್ಲಿ ಡಾಲರಿಗೆ ಅಧಿಕೃತ ದರ ಆರು ಚಿಲ್ಲರೆ ಚಾಟ್, ಬೀದಿಯಲ್ಲಿ ಎಂಟುನೂರು! ಅದನ್ನು ಸರಿಪಡಿಸಿ ಹತ್ತು ವರ್ಷವಾಗುವಷ್ಟರಲ್ಲಿ, 2022ರ ಆಗಸ್ಟ್‌ನಲ್ಲಿ, ಸೇನಾ ಸರ್ಕಾರ ಮತ್ತೆ ದರವನ್ನು 2,100ಕ್ಕೆ ಕಟ್ಟಿಹಾಕಿತು. ಬೀದಿಯ ದರ ಅದನ್ನು ಬಿಟ್ಟು ಎಲ್ಲಿಗೋ ಹೋಯಿತು. ಕಾನೂನು ಪ್ರಕಾರ ರಫ್ತು ಮಾಡಿದವನು ತನ್ನ ಗಳಿಕೆಯ ಒಂದು ಪಾಲನ್ನು ಅಧಿಕೃತ ದರಕ್ಕೆ ಒಪ್ಪಿಸಬೇಕು. ಹಾಗಿರುವಾಗ ಅಲ್ಲಿನ ವ್ಯಾಪಾರಿ ಬಿಲ್ ಹಾಕಿ ಅಡಿಕೆ ಕಳಿಸಿ ನಷ್ಟ ಮಾಡಿಕೊಳ್ಳುತ್ತಾನೆಯೇ? ನಮ್ಮ ಸಂಘಗಳ ಮನವಿ ಪತ್ರಗಳಲ್ಲಿ ಈ ಸಾಲು ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಪ್ರವಾಸಿಗರಿಗೂ ನಾಲ್ಕು ಮಾತು ಹೇಳದಿದ್ದರೆ ನಿಮ್ಮ ಅಂಕಣಕಾರರು ಬೇಸರಿಸಬಹುದು. ಎಲ್ಲ ದೇಶವೂ ಅರ್ಜೆಂಟೀನಾದಂತೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ನೈಜೀರಿಯಾದ ಅಬುಜಾದಲ್ಲಿ 2024ರಲ್ಲಿ ಡಾಲರ್ ದಲ್ಲಾಳಿಗಳ ಮೇಲೆ ದಾಳಿಯಾಗಿ ಹಲವರು ಬಂಧಿತರಾದರು. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತ ಗಿರಾಕಿಗೂ ಉಳಿಗಾಲವಿಲ್ಲ. ನಮ್ಮ ನಿಯಮದಂತೆ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ ನೋಟಿನಲ್ಲಿ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಕಾರ್ಡಿಗೆ ಸಾಮಾನ್ಯವಾಗಿ ಸಿಗುವುದು ಬ್ಯಾಂಕಿನ ದರ. ಆದ್ದರಿಂದ ದುಪ್ಪಟ್ಟಿನ ಮಾತು ಜೇಬಿನಲ್ಲಿರುವ ನೋಟಿಗೆ ಮಾತ್ರ ಅನ್ವಯ. ಬೀದಿಯಲ್ಲಿ ಬದಲಾಯಿಸಿದ್ದಕ್ಕೆ ರಸೀದಿ ಇರುವುದಿಲ್ಲ. ರಸೀದಿ ಇಲ್ಲದಿದ್ದರೆ ಉಳಿದ ಹಣವನ್ನು ಹೊರಡುವ ದಿನ ಬ್ಯಾಂಕಿನವರು ಡಾಲರ್ ಮಾಡಿಕೊಡುವುದು ಕಷ್ಟ. ಇರಾನಿಗೆ ಹೋಗುವವರು ರಿಯಾಲ್, ತೋಮನ್ ಎರಡರ ಗೊಂದಲದಲ್ಲಿ ಒಂದು ಸೊನ್ನೆ ಕಳೆದುಕೊಳ್ಳದಿರಲಿ. ಹತ್ತು ರಿಯಾಲ್ ಸೇರಿದರೆ ಒಂದು ತೋಮನ್, ಅಂಗಡಿಯವರು ಬಾಯಲ್ಲಿ ಹೇಳುವುದು ತೋಮನ್ ಲೆಕ್ಕ.

ನೋಟಿನ ಸ್ಥಿತಿಯ ಬಗ್ಗೆ ಮಾತ್ರ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಇದು ನಮ್ಮವರ ವಿಶೇಷ ಕಾಯಿಲೆ. ಎರಡು ದರದ ದೇಶಗಳಲ್ಲಿ ದಲ್ಲಾಳಿ ನೋಟನ್ನು ಬೆಳಕಿಗೆ ಹಿಡಿದು ಮದುವೆಗೆ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಸೂಕ್ಷ್ಮವಾಗಿ ಪರೀಕ್ಷಿಸುತ್ತಾನೆ. ನೂರರ ನೋಟಿಗೆ ಒಳ್ಳೆಯ ದರ, ಹತ್ತು ಇಪ್ಪತ್ತರ ನೋಟಿಗೆ ಕಡಿಮೆ. ಫ್ರಾಂಕ್ಲಿನ್ ಮುಖ ಚಿಕ್ಕದಾಗಿರುವ ಹಳೆಯ ನೂರರ ನೋಟಿಗೆ ಅರ್ಜೆಂಟೀನಾದಲ್ಲಿ ದರ ಇಳಿಸುತ್ತಿದ್ದರು. 2013ರಿಂದ ಬಂದ, ನಡುವೆ ನೀಲಿ ಪಟ್ಟಿಯಿರುವ ನೋಟು ಎಲ್ಲರಿಗೂ ಪ್ರಿಯ. ಬರ್ಮಾದಲ್ಲಿ ಮಡಿಕೆಯ ಗೆರೆ ಬಿದ್ದರೂ ತಲೆ ಅಲ್ಲಾಡಿಸುತ್ತಾರೆ. ನಮ್ಮವರು ಮಾಡುವುದೇನು? ಕೌಂಟರಿನಿಂದ ಗರಿಗರಿಯಾಗಿ ಒಯ್ದ ನೋಟನ್ನು ಮನೆಯಲ್ಲಿ ದೇವರ ಮುಂದಿಟ್ಟು, ಅಮ್ಮ ಒದ್ದೆ ಬೆರಳಿನಿಂದ ಅರಿಶಿನ ಕುಂಕುಮ ಹಚ್ಚಿ ಮಗನ ಕೈಗೆ ಕೊಡುತ್ತಾರೆ. ಫ್ರಾಂಕ್ಲಿನ್ನನ ಹಣೆಗೆ ಸರಿಯಾಗಿ ಬೊಟ್ಟು ಬಿದ್ದಿದ್ದ ಒಂದು ನೋಟನ್ನು ಅಡಿಸ್ ಅಬಾಬದಲ್ಲಿ ಯಾರೂ ಮುಟ್ಟದೆ, ಅದು ತಿರುಗಿ ನಮ್ಮ ಕೌಂಟರಿಗೇ ಬಂದಿತ್ತು. ನಾವು ತೆಗೆದುಕೊಂಡೆವು. ಪೂಜೆ ಬೇಡವೆನ್ನುವುದಿಲ್ಲ, ಲಕೋಟೆಯ ಮೇಲೆ ಹಚ್ಚಲಿ.

ಕೊನೆಗೆ ನನ್ನ ಕೋರಿಕೆ. ಮುಂದಿನ ಸಲ ಇಂಥ ಲೇಖನ ಪ್ರಕಟಿಸುವಾಗ ಪಕ್ಕದಲ್ಲಿ ಒಂದು ಚೌಕಟ್ಟು ಹಾಕಿ, ದುಡಿಯಲು ಹೋಗುವವರು ಸಹಿಗೆ ಮೊದಲು ಕೇಳಬೇಕಾದದ್ದನ್ನು ಅಚ್ಚು ಮಾಡಿ. ಸಂಬಳ ನಿಗದಿಯಾಗಿರುವುದು ಡಾಲರಿನಲ್ಲೋ, ಅಲ್ಲಿನ ಹಣದಲ್ಲೋ? ಡಾಲರಿನಲ್ಲಿ ಬರೆದು ಅಲ್ಲಿನ ಹಣದಲ್ಲಿ ಕೊಡುವುದಾದರೆ ಯಾವ ದಿನದ, ಯಾವ ದರದ ಲೆಕ್ಕ? ಸಂಬಳದ ಎಷ್ಟು ಪಾಲನ್ನು ಬ್ಯಾಂಕಿನ ಮೂಲಕ ಊರಿಗೆ ಕಳಿಸಲು ಅಲ್ಲಿನ ಸರ್ಕಾರ ಬಿಡುತ್ತದೆ, ಅದಕ್ಕೆ ಬೇಕಾದ ಡಾಲರ್ ಒದಗಿಸುವ ಹೊಣೆ ಮಾಲೀಕನದೋ, ನೌಕರನದೋ? ಸಂಬಳದ ಒಂದು ಪಾಲನ್ನು ನೇರವಾಗಿ ಭಾರತದ ಖಾತೆಗೇ ಹಾಕುವ ಮಾಲೀಕರೂ ಇದ್ದಾರೆ. ಹಾಗೆ ಹಾಕಿಸಿಕೊಂಡವರು ಯಾರೂ ನನ್ನ ಗಾಜಿನ ಕೆಳಗೆ ನೋಟಿನ ಕಟ್ಟು ತಳ್ಳಿದ್ದಿಲ್ಲ.

ಇದನ್ನು ಕೇಳಿಸುವ ಕೆಲಸ ಸರ್ಕಾರದ್ದಲ್ಲವೇ ಎಂದರೆ, ಪೂರ್ತಿ ಆಗುತ್ತಿಲ್ಲ. ಕೊಲ್ಲಿ ದೇಶಗಳು, ಸುಡಾನ್ ಮುಂತಾದೆಡೆಗೆ ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು, ಆಗ ಕರಾರು ಪತ್ರವನ್ನು ಒಬ್ಬರಾದರೂ ನೋಡುತ್ತಾರೆ. ನೈಜೀರಿಯಾ, ಇಥಿಯೋಪಿಯಾ ಆ ಪಟ್ಟಿಯಲ್ಲಿ ಇಲ್ಲ. ಅಲ್ಲಿಗೆ ಹೋಗುವವನ ಕರಾರನ್ನು ಅವನೊಬ್ಬನೇ ಓದಬೇಕು, ಅದೂ ಇಂಗ್ಲಿಷಿನಲ್ಲಿ. 1983ರ ವಲಸೆ ಕಾಯ್ದೆಯಡಿ ಏಜೆಂಟ್ ನೋಂದಣಿ ಮಾಡಿಸಿಕೊಂಡಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಸಂಖ್ಯೆ ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಸಂಖ್ಯೆ ಇದ್ದರೂ ದರದ ಪ್ರಶ್ನೆಗೆ ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಕರಾರಿನ ಹಾಳೆಯಲ್ಲೇ ಬರೆಯಿಸಿ. ಓದಿ ಹೇಳುವವರು ಸಿಗದಿದ್ದರೆ, ವಿನೋಬನಗರದ ನಮ್ಮ ಮನೆಗೆ ಬೆಳಿಗ್ಗೆ ಹತ್ತರ ನಂತರ ಬರಬಹುದು. ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಲು ನನ್ನ ಅಡ್ಡಿಯಿಲ್ಲ.

ಇಂತಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ವಿನೋಬನಗರ, ಶಿವಮೊಗ್ಗ